ರಾಗಿಕಲ್ಲಿಗೆ ಕಕ್ಕು ಹಾಕಿದ ಹನ್ನೊಂದು ದಿನ

ಮೊದಲ ದಿನ

ನಾಗಮಂಗಲ ತಾಲ್ಲೂಕಿನ ನಮ್ಮ ಊರಿನ ಮನೆಯಲ್ಲಿ ಬಚ್ಚಲಿನ ಮುಂದೆ ಒಂದು ದುಂಡು ಕಲ್ಲು ಹಾಸಿತ್ತು. ಬುದ್ಧಿ ಬಂದಾಗಿನಿಂದ ಅದರ ಮೇಲೆ ನಿಂತೇ ಕಾಲು ತೊಳೆದಿದ್ದೇನೆ. ಸಂಕ್ರಾಂತಿಗೆಂದು ಹೋದವನು ಚರಂಡಿ ಸರಿಮಾಡಲು ಅದನ್ನು ಹಾರೆಯಿಂದ ಮೀಟಿ ಎತ್ತಿದೆ. ಅಡಿಯ ಮಣ್ಣು ಉದುರಿದಾಗ ಅಂಚಿನ ಹತ್ತಿರ ಒಂದು ಕುಳಿ ಕಾಣಿಸಿತು. ನಡುವೆ ಗಾರೆ ಮೆತ್ತಿದ ತೂತು. ಇಷ್ಟು ವರ್ಷ ಕಾಲು ತೊಳೆದದ್ದು ಅಜ್ಜಿಯ ರಾಗಿಕಲ್ಲಿನ ಮೇಲೆ.

ದೊಡ್ಡಮ್ಮ ಬಂದು ನೋಡಿದರು. ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಅವರು ದಿನವೂ ಬೀಸಿದ ಕಲ್ಲು ಅದು. "ಕೆಳಗಲ್ಲು ಕೊಟ್ಟಿಗೆಯಲ್ಲಿದೆ, ಕಲಗಚ್ಚಿನ ಬಾನಿಯ ಅಡಿಯಲ್ಲಿ" ಎಂದರು. ಅವರಿಗೆ ಅದು ಯಾವತ್ತೂ ಗೊತ್ತಿತ್ತು. ನಾವು ಯಾರೂ ಕೇಳಿರಲಿಲ್ಲ.

ಎರಡನ್ನೂ ಅಂಗಳಕ್ಕೆ ಉರುಳಿಸಿಕೊಂಡು ಬಂದು ಅಳತೆ ಮಾಡಿದೆ. ಅಡ್ಡಳತೆ 40 ಸೆಂಟಿಮೀಟರ್. ಕೆಳಗಲ್ಲಿನ ದಪ್ಪ 10, ಮೇಲ್ಗಲ್ಲಿನದು ಸವೆದು 8. ಮೇಲ್ಗಲ್ಲೊಂದೇ 26 ಕಿಲೋ ತೂಗಿತು. ನಮ್ಮ ಸೀಮೆಯ ಬೂದು ಬಣ್ಣದ ಗ್ರಾನೈಟ್. ಎಲ್ಲೂ ಬಿರುಕಿಲ್ಲ, ಅಂಚಿನಲ್ಲಿ ಮಾತ್ರ ಎರಡು ಕಡೆ ಚಕ್ಕೆ ಎದ್ದಿದೆ. ಹಿಡಿಗೂಟ ಇಲ್ಲ. ನಡುಗೂಟ ಕೊಳೆತು ಕೆಳಗಲ್ಲಿನ ತೂತಿನೊಳಗೆ ಕರಿಯ ಪುಡಿಯಾಗಿ ಕೂತಿದೆ. ಇವೆರಡೂ ಸಣ್ಣ ಕೆಲಸ. ದೊಡ್ಡ ತೊಂದರೆ ಕೈಯಿಟ್ಟಾಗ ತಿಳಿಯಿತು: ಬೀಸುವ ಮುಖ ಗಾಜಿನಷ್ಟು ನುಣುಪಾಗಿದೆ. ನಮ್ಮ ಪಾದಗಳೂ ಅದಕ್ಕೆ ಸ್ವಲ್ಪ ಕಾರಣವಿರಬಹುದು.

ಇದನ್ನು ದುರಸ್ತಿ ಮಾಡಿ, ಇದರಲ್ಲೇ ಬೀಸಿದ ಹಿಟ್ಟಿನಿಂದ ಮುದ್ದೆ ಮಾಡಿ ಉಣ್ಣಬೇಕು ಎಂದು ಅಂದೇ ತೀರ್ಮಾನಿಸಿದೆ. ಮುದ್ದೆ ಉಂಡೇ ಬೆಳೆದವನು ನಾನು. ಆದರೆ ಅನ್ನ, ರೊಟ್ಟಿ ಯಾವುದೂ ಆಗದೆ ಈ ಧಾನ್ಯ ನಮ್ಮ ತಟ್ಟೆಗೆ ಉಂಡೆಯಾಗಿಯೇ ಏಕೆ ಬಂತು ಎಂದು ಎಂದೂ ಯೋಚಿಸಿರಲಿಲ್ಲ.

ಎರಡನೆಯ ದಿನ

ಗಾರೆಯನ್ನು ಸಣ್ಣ ಉಳಿಯಿಂದ ಬಿಡಿಸಲು ಅರ್ಧ ದಿನ ಹಿಡಿಯಿತು. ಆಮೇಲೆ ಕುದಿಯುವ ನೀರು, ತೆಂಗಿನ ನಾರು, ಮರಳು. ಸೋಪು ಮುಟ್ಟಿಸಲಿಲ್ಲ, ಕಲ್ಲಿನ ಸಣ್ಣ ಸಂದುಗಳಲ್ಲಿ ವಾಸನೆ ಉಳಿದರೆ ಹಿಟ್ಟಿಗೆ ಬರುತ್ತದೆ.

ಸಂಜೆ ಪಕ್ಕದ ಊರಿನ ಕಲ್ಲುಕುಟಿಗ ತಾತನನ್ನು ಕರೆದುಕೊಂಡು ಬಂದೆ. ವಯಸ್ಸು ಎಪ್ಪತ್ತು ದಾಟಿದೆ. ಈಗ ಮಗ ಯಂತ್ರದಲ್ಲಿ ಮೈಲಿಗಲ್ಲು, ಕಂಬ ಕತ್ತರಿಸುತ್ತಾನೆ; ತಾತ ಸುಮ್ಮನಿದ್ದಾರೆ. ಕಲ್ಲಿನ ಮೇಲೆ ಅಂಗೈ ಆಡಿಸಿ ಹೇಳಿದರು: "ಇದರಲ್ಲಿ ಕಕ್ಕೇ ಇಲ್ಲವಲ್ಲಪ್ಪ. ಹಲ್ಲಿಲ್ಲದ ಬಾಯಿ ಏನು ಅಗಿಯುತ್ತದೆ?" ಉಳಿಯಿಂದ ಕಲ್ಲಿನ ಮುಖದ ಮೇಲೆ ಒತ್ತೊತ್ತಾಗಿ ಸಣ್ಣ ಗುಳಿ ಹೊಡೆದು ಉಂಟುಮಾಡುವ ಒರಟುತನಕ್ಕೆ ಕಕ್ಕು ಎಂಬ ಹೆಸರು. ದಿನವೂ ಬೀಸುವ ಕಲ್ಲಾದರೆ ಕೆಲವು ತಿಂಗಳಿಗೊಮ್ಮೆ ಹಾಕಿಸಬೇಕಂತೆ. ಸುಗ್ಗಿ ಮುಗಿದ ಮೇಲೆ ಅವರು ಉಳಿ ಸುತ್ತಿಗೆಯ ಚೀಲ ಹೊತ್ತು ಊರೂರು ತಿರುಗುತ್ತಿದ್ದರು. ಕೂಲಿ ರಾಗಿಯಲ್ಲೇ ಸಿಗುತ್ತಿತ್ತು.

ನಾನೇ ಹೊಡೆಯುತ್ತೇನೆ, ನೀವು ಪಕ್ಕದಲ್ಲಿ ಕೂತು ಹೇಳಿಕೊಡಿ ಎಂದೆ. ನನ್ನ ಕೈಯನ್ನು ತಿರುಗಿಸಿ ನೋಡಿದರು. "ನಾಳೆ ಬೆಳಿಗ್ಗೆ ಬಿಸಿಲು ಏರುವ ಮೊದಲೇ ಶುರು ಮಾಡು" ಎಂದರು.

ಮೂರು, ನಾಲ್ಕು ಮತ್ತು ಐದನೆಯ ದಿನ

ಮೊದಲು ಮಟ್ಟ ನೋಡಬೇಕು. ತಾತ ಕೆಮ್ಮಣ್ಣನ್ನು ನೀರಿನಲ್ಲಿ ಕಲಸಿ ಕೆಳಗಲ್ಲಿನ ಮುಖಕ್ಕೆ ತೆಳ್ಳಗೆ ಬಳಿಸಿದರು. ಅದರ ಮೇಲೆ ಮೇಲ್ಗಲ್ಲನ್ನು ಇಟ್ಟು ಎರಡು ಸುತ್ತು ತಿರುಗಿಸಿ ಎತ್ತಿದಾಗ, ಮೇಲ್ಗಲ್ಲಿನಲ್ಲಿ ಉಬ್ಬಿದ ಜಾಗಕ್ಕೆಲ್ಲ ಕೆಂಪು ಅಂಟಿತ್ತು. ಕೆಂಪು ಕಂಡಲ್ಲಿ ಉಳಿ. ಹೊಡೆದು, ಒರೆಸಿ, ಮತ್ತೆ ಬಳಿದು, ಮತ್ತೆ ತಿರುಗಿಸುವುದು. ಹೀಗೆ ಹದಿನಾಲ್ಕು ಸಲ. ಮೊದಲ ಸಲ ಕೆಂಪು ಬರೀ ಒಂದು ಮಗ್ಗುಲಿಗಿತ್ತು. ಹದಿನಾಲ್ಕನೆಯ ಸಲ ಸುತ್ತಲೂ ಚುಕ್ಕೆ ಚುಕ್ಕೆಯಾಗಿ ಹರಡಿತು. ಲೇತ್ ಯಂತ್ರದ ಅಂಗಡಿಗಳಲ್ಲಿ ನೀಲಿ ಬಣ್ಣ ಬಳಿದು ಎರಡು ಲೋಹದ ಮುಖಗಳನ್ನು ಹೊಂದಿಸುವ ಉಪಾಯವೂ ಇದೇ.

ಆಮೇಲೆ ಕಕ್ಕು. ಉಳಿಯನ್ನು ನೇರವಾಗಿ ನಿಲ್ಲಿಸಿ ಸುತ್ತಿಗೆಯಿಂದ ಚಿಕ್ಕ ಪೆಟ್ಟು ಕೊಡಬೇಕು, ಕಲ್ಲಿನಿಂದ ಪುಡಿ ಮಾತ್ರ ಏಳಬೇಕು, ಚಕ್ಕೆ ಏಳಬಾರದು. ಗುಳಿಯಿಂದ ಗುಳಿಗೆ ಒಂದು ಸೆಂಟಿಮೀಟರ್‌ಗಿಂತ ಕಡಿಮೆ ಅಂತರ, ಆಳ ಸುಮಾರು ಎರಡು ಮಿಲಿಮೀಟರ್. ನಡುವಿನ ಕಣ್ಣಿನ, ಅಂದರೆ ಕಾಳು ಸುರಿಯುವ ತೂತಿನ, ಸುತ್ತ ಗುಳಿ ಸ್ವಲ್ಪ ದೊಡ್ಡದು, ಕಾಳು ಒಳಗೆ ಸರಿಯಲಿ ಎಂದು. ಅಂಚಿನ ಕಡೆಯ ನಾಲ್ಕು ಬೆರಳಗಲದಲ್ಲಿ ಗುಳಿ ಸಣ್ಣದು ಮತ್ತು ದಟ್ಟ. ಹಿಟ್ಟು ನುಣ್ಣಗಾಗುವುದು ಅಲ್ಲೇ. ನಡುವೆ ಒಡೆದು, ಅಂಚಿನಲ್ಲಿ ಅರೆಯುವ ಈ ಕ್ರಮ ನನಗೆ ಬಹಳ ಹಿಡಿಸಿತು. ಒಂದೇ ಕಲ್ಲಿನಲ್ಲಿ ಎರಡು ಕೆಲಸ, ಎರಡರ ನಡುವೆ ಗೆರೆ ಎಳೆದಂತೆ ಎಲ್ಲೂ ಕಾಣುವುದಿಲ್ಲ.

ಯಾರಾದರೂ ಇದನ್ನು ಮಾಡುವುದಾದರೆ ಕಣ್ಣಿಗೆ ಕನ್ನಡಕ, ಮೂಗು ಬಾಯಿಗೆ ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ, ಕಲ್ಲನ್ನು ಆಗಾಗ ಒದ್ದೆ ಮಾಡುತ್ತಿರಿ. ಗ್ರಾನೈಟ್‌ನ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಹೊಕ್ಕರೆ ಹೊರಗೆ ಬರುವುದಿಲ್ಲ. ಕಲ್ಲು ಕೆಲಸದವರನ್ನು ಸಿಲಿಕೋಸಿಸ್ ಕಾಡುವುದು ಹೀಗೆ. ತಾತನ ಕೆಮ್ಮನ್ನು ಮೂರು ದಿನ ಪಕ್ಕದಲ್ಲೇ ಕೂತು ಕೇಳಿದ್ದೇನೆ.

ಎರಡೂ ಮುಖ ಮುಗಿಯುವ ಹೊತ್ತಿಗೆ ಐದನೆಯ ದಿನದ ಮಧ್ಯಾಹ್ನ. ಎಡಗೈಯ ಹೆಬ್ಬೆರಳಿಗೆ ಎರಡು ಸಲ ಪೆಟ್ಟು ಬಿತ್ತು.

ಅದೇ ದಿನ ಸಂಜೆ, ರಾಗಿ

ಕಲ್ಲಿಗೆ ಹಾಕಲು ರಾಗಿ ಕೇಳಿದಾಗ ದೊಡ್ಡಮ್ಮ ತಗಡಿನ ಪೀಪಾಯಿಯ ಮುಚ್ಚಳ ತೆಗೆದರು. ಮೂರು ವರ್ಷದ ಹಿಂದಿನ ರಾಗಿ. ಬೊಗಸೆಯಲ್ಲಿ ಎತ್ತಿ ಮೂಸಿದೆ. ಹುಳುವಿಲ್ಲ, ಮುಗ್ಗಲು ವಾಸನೆ ಇಲ್ಲ. ಹಿಂದೆ ನೆಲದೊಳಗೆ ಹಗೇವು ತೋಡಿ, ಬಾಯಿ ಮುಚ್ಚಿ, ಬರಗಾಲಕ್ಕೆಂದು ವರ್ಷಗಟ್ಟಲೆ ರಾಗಿ ಇಡುತ್ತಿದ್ದುದು ಈ ಗುಣವನ್ನು ನಂಬಿಯೇ. ಕನಕದಾಸರ ರಾಮಧಾನ್ಯಚರಿತೆಯ ಕಥೆ ನಿಂತಿರುವುದೂ ಇದರ ಮೇಲೆ: ಯಾರು ಮೇಲು ಎಂದು ಜಗಳವಾಡಿದ ಭತ್ತ ಮತ್ತು ರಾಗಿಯನ್ನು ರಾಮ ಆರು ತಿಂಗಳು ಸೆರೆಯಲ್ಲಿಡುತ್ತಾನೆ, ಹೊರಗೆ ತೆಗೆದಾಗ ಭತ್ತ ಸೊರಗಿರುತ್ತದೆ, ರಾಗಿ ಹಾಗೆಯೇ ಇರುತ್ತದೆ. ಬಡವರ ಕಾಳಿನ ಪರವಾಗಿ ಹದಿನಾರನೆಯ ಶತಮಾನದಲ್ಲೇ ಒಬ್ಬ ಕವಿ ಹೀಗೆ ವಾದ ಹೂಡಿದ್ದನ್ನು ನೆನೆದರೆ ಈಗಲೂ ಎದೆ ತುಂಬುತ್ತದೆ. ದೊಡ್ಡಮ್ಮನ ಪೀಪಾಯಿ ಅದಕ್ಕೆ ಸಾಕ್ಷಿ ಹೇಳುತ್ತಿತ್ತು.

ಆದರೆ ಕಾಳಿಗಿರುವ ಈ ಬಾಳಿಕೆ ಹಿಟ್ಟಿಗಿಲ್ಲ. ಬೀಸಿದ ಮೇಲೆ ಕಾಳಿನ ಕೊಬ್ಬಿನಂಶ ಗಾಳಿಗೆ ತೆರೆದುಕೊಂಡು ಕೆಲವು ವಾರಗಳಲ್ಲಿ ಕಮಟು ಬರುತ್ತದೆ. ಆದ್ದರಿಂದ ರಾಗಿ ವರ್ಷಗಟ್ಟಲೆ ಕೂಡಿಡುವುದು, ಹಿಟ್ಟು ಆಯಾ ದಿನಕ್ಕೆ ಬೀಸುವುದು. ಹೆಂಗಸರು ಕೋಳಿ ಕೂಗುವ ಮೊದಲೇ ಎದ್ದು ಬೀಸಲು ಕೂರುತ್ತಿದ್ದುದರ ಹಿಂದೆ ಈ ಲೆಕ್ಕವಿತ್ತು. ಬೀಸುವ ಪದಗಳು ಹುಟ್ಟಿದ್ದೂ ಆ ಕತ್ತಲಿನಲ್ಲಿ.

ಈ ಪೀಪಾಯಿಯ ಕಾಳು ಯಾವ ತಳಿ ಎಂದು ದೊಡ್ಡಮ್ಮನಿಗೆ ಖಚಿತವಿಲ್ಲ. ಆದರೆ ಇಂಡಾಫ್ ಬಂದ ಕಾಲ ಅವರಿಗೆ ಚೆನ್ನಾಗಿ ನೆನಪಿದೆ. "ತೆನೆ ಹಿಡಿದರೆ ಮುಷ್ಟಿ ತುಂಬುತ್ತಿತ್ತು" ಎಂದರು. ಇಲ್ಲಿಗೆ ಹತ್ತಿರದ ಮಂಡ್ಯದ ವಿ.ಸಿ. ಫಾರಂನಲ್ಲಿ, ಜನ ರಾಗಿ ಲಕ್ಷ್ಮಣಯ್ಯ ಎಂದೇ ಕರೆದ ವಿಜ್ಞಾನಿ ನಮ್ಮ ನಾಡಿನ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಕೂಡಿಸಿ ಮಾಡಿದ ತಳಿಗಳು ಅವು. ಇಂಡಿಯನ್ ಮತ್ತು ಆಫ್ರಿಕನ್ ಎರಡನ್ನೂ ಸೇರಿಸಿಯೇ ಆ ಹೆಸರು. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಸೀಮೆ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಬಂದು ನಮ್ಮ ಕೆಂಪು ಮಣ್ಣಿಗೆ ಒಗ್ಗಿಕೊಂಡ ಬೆಳೆ, ಮಂಡ್ಯದ ಹೊಲದಲ್ಲಿ ತನ್ನ ತವರಿನ ನೆಂಟರನ್ನು ಮತ್ತೆ ಕಂಡಿತು. ನಮ್ಮ ಕಡೆಯ ಹೊಲಗಳಲ್ಲಿ ಈಗ ಹೆಚ್ಚಾಗಿರುವುದು ಅದರ ನಂತರದ ತಳಿಗಳಾದ ಜಿಪಿಯು-28, ಎಂಎಲ್-365, ಎಂಆರ್-6.

ಆರನೆಯ ದಿನ

ಗೂಟದ ಕೆಲಸ. ಇಲ್ಲಿ ಎಡವಿದೆ.

ನಡುಗೂಟ ಕೆಳಗಲ್ಲಿನಲ್ಲಿ ಬಿಗಿಯಾಗಿ ನಿಲ್ಲಬೇಕು, ಮೇಲ್ಗಲ್ಲಿನ ಕಣ್ಣಿನಲ್ಲಿ ಸಡಿಲವಾಗಿರಬೇಕು. ಆ ಸಡಿಲಿನಲ್ಲೇ ಕಾಳು ಕೆಳಗೆ ಇಳಿಯುವುದು. ಕಣ್ಣಿನ ಅಡ್ಡಳತೆ 4.5 ಸೆಂಟಿಮೀಟರ್. ಗೂಟ 3.5 ಇದ್ದರೆ ಸುತ್ತಲೂ ಅರ್ಧ ಸೆಂಟಿಮೀಟರ್ ಜಾಗ ಉಳಿಯುತ್ತದೆ. ಸಾಸಿವೆಯಷ್ಟೇ ಇರುವ ರಾಗಿಗೆ ಅದು ಹೆದ್ದಾರಿ. ಗೂಟ ಇದಕ್ಕಿಂತ ತೆಳುವಾದರೆ ಮೇಲ್ಗಲ್ಲು ಅತ್ತಿತ್ತ ಓಲಾಡಿ ಒಂದು ಮಗ್ಗುಲಲ್ಲಿ ನುಚ್ಚು, ಇನ್ನೊಂದು ಮಗ್ಗುಲಲ್ಲಿ ಹಿಟ್ಟು ಬೀಳುತ್ತದೆ.

ಹೊಲದ ಬದುವಿನಲ್ಲಿ ಬಿದ್ದಿದ್ದ ಜಾಲಿಯ ಕೊಂಬೆಯನ್ನು ಕೆತ್ತಿ ಎರಡು ಗೂಟ ಮಾಡಿದೆ. ಆತುರದಲ್ಲಿ ಮರ ಹಸಿಯಾಗಿದೆಯೇ ಎಂದು ನೋಡಲಿಲ್ಲ. ಬಡಿದು ಕೂರಿಸಿದಾಗ ಕಲ್ಲಿನಂತೆ ಗಟ್ಟಿಯಾಗಿತ್ತು; ಮರುದಿನ ಒಣಗಿ ಬೆರಳಲ್ಲಿ ಅಲ್ಲಾಡಿಸಿದರೆ ಅಲ್ಲಾಡಿತು. ಅಂಟು ಹಾಕಿ ಕೂರಿಸು ಎಂದು ತಮ್ಮ ಹೇಳಿದ. ಹಿಟ್ಟು ತಾಗುವ ಜಾಗದಲ್ಲಿ ರಾಸಾಯನಿಕ ಅಂಟು ಬೇಡವೆನಿಸಿತು. ಕೊನೆಗೆ ಮುರಿದ ನೇಗಿಲಿನಿಂದ ಹತ್ತಾರು ವರ್ಷ ಒಣಗಿದ ಜಾಲಿಯ ತುಂಡನ್ನು ಕತ್ತರಿಸಿ ಹೊಸ ಗೂಟ ಕೆತ್ತಿದೆ. ಬುಡಕ್ಕೆ ಹತ್ತಿ ಬಟ್ಟೆಯ ಒಂದು ಸುತ್ತು ಬಿಗಿದು ಬಡಿದೆ. ಹಿಡಿಗೂಟಕ್ಕೂ ಅದೇ ಮರ, ಅದೇ ಬಟ್ಟೆ. ಒಣ ಮರ ಗಾಳಿಯ ತೇವ ಕುಡಿದು ಇನ್ನಷ್ಟು ಬಿಗಿಯಾಗುತ್ತದೆಯೇ ಹೊರತು ಸಡಿಲವಾಗುವುದಿಲ್ಲ.

ಎಂಟನೆಯ ದಿನ

ಏಳನೆಯ ದಿನ ಮಳೆಯಂಥ ಮೋಡ. ತೊಳೆದ ರಾಗಿ ಒಣಗಲಿಲ್ಲ. ದೊಡ್ಡಮ್ಮ ಅದನ್ನು ನೀರಿನಲ್ಲಿ ಗಾಳಿಸಿ ಕಲ್ಲು ಬೇರ್ಪಡಿಸಿ ಹರವಿದ್ದರು. ಎಂಟನೆಯ ದಿನ ಬಿಸಿಲು ಕಚ್ಚಿತು. ಮಧ್ಯಾಹ್ನ ಮೂರಕ್ಕೆ ಕಾಳು ಹಲ್ಲಿಗೆ ಸಿಕ್ಕರೆ ಟಕ್ ಎನ್ನುವ ಹದಕ್ಕೆ ಬಂದಿತ್ತು.

ಹೊಸ ಕಕ್ಕಿನ ಕಲ್ಲಿನಲ್ಲಿ ಮೊದಲ ಹಿಟ್ಟನ್ನು ಉಣ್ಣಬಾರದು. ಒಂದು ಸೇರು ನುಚ್ಚಕ್ಕಿಯನ್ನು ಮೂರು ಸಲ ಬೀಸಿದೆ. ಮೊದಲ ಸಲ ಬೂದಿಯ ಬಣ್ಣ, ಮೂರನೆಯ ಸಲ ಬಿಳುಪು. ಅದನ್ನು ಕೋಳಿಗಳಿಗೆ ಹಾಕಿದೆವು. ಅವು ಹೇಗೂ ಹರಳು ನುಂಗಿಯೇ ಕಾಳು ಅರೆಯುವ ಪ್ರಾಣಿಗಳು. ಆಮೇಲೆ ಅರ್ಧ ಸೇರು ರಾಗಿ ಬೀಸಿ ಪರೀಕ್ಷಿಸಿದೆ. ಹಿಟ್ಟಿನ ಮೇಲೆ ಅಯಸ್ಕಾಂತ ಆಡಿಸಿದರೆ ಉಳಿಯ ಕಬ್ಬಿಣದ ಚೂರು ಅಂಟಬಾರದು. ಒಂದು ಚಿಟಿಕೆಯನ್ನು ಬಿಳಿ ತಟ್ಟೆಯ ನೀರಿನಲ್ಲಿ ಕಲಕಿ ಬಗ್ಗಿಸಿದರೆ ತಳದಲ್ಲಿ ಕಲ್ಲಿನ ಪುಡಿ ಉಳಿಯಬಾರದು. ಮೊದಲ ತಟ್ಟೆಯಲ್ಲಿ ನಾಲ್ಕೈದು ಕಣ ಹೊಳೆದವು. ಇನ್ನೊಂದು ಅರ್ಧ ಸೇರು ಬೀಸಿದ ಮೇಲೆ ತಟ್ಟೆ ಸ್ವಚ್ಛ.

ಉಣ್ಣುವ ರಾಗಿ ಒಂದು ಕಿಲೋ ಬೀಸಲು ನನಗೆ ಐವತ್ತು ನಿಮಿಷ ಬೇಕಾಯಿತು. ಒಂದು ಹಿಡಿಗಿಂತ ಹೆಚ್ಚು ಹಾಕಿದರೆ ಕಲ್ಲು ತೇಲಿ ನುಚ್ಚು ಉದುರುತ್ತದೆ; ಕಡಿಮೆ ಹಾಕಿದರೆ ಕಲ್ಲಿಗೆ ಕಲ್ಲು ಉಜ್ಜುತ್ತದೆ, ಕಿವಿಗೇ ಗೊತ್ತಾಗುತ್ತದೆ. ದೊಡ್ಡಮ್ಮ ಎದುರು ಕೂತು ಗೂಟಕ್ಕೆ ಕೈ ಸೇರಿಸಿದ ಮೇಲೆ ಕೆಲಸ ಹಗುರಾಯಿತು. ಅವರ ಎಡಗೈ ನೋಡದೆಯೇ ಮೊರಕ್ಕೆ ಹೋಗಿ, ಅಳತೆ ತಪ್ಪದೆ ಹಿಡಿ ತಂದು ಕಣ್ಣಿಗೆ ಸುರಿಯುತ್ತಿತ್ತು. ನಲವತ್ತು ವರ್ಷದ ನಂತರವೂ ಕೈ ಮರೆತಿರಲಿಲ್ಲ.

ಅಂಚಿನಿಂದ ಸುರಿಯುವ ಹಿಟ್ಟನ್ನು ಮುಟ್ಟಿ ನೋಡಿದೆ: ಉಗುರುಬೆಚ್ಚಗೂ ಇಲ್ಲ. ಗಿರಣಿಯಿಂದ ತರುವ ಹಿಟ್ಟಿನ ಚೀಲ ಕೈ ಸುಡುತ್ತದೆ. ಒಂದರಿಯಲ್ಲಿ ಜಾಲಿಸಿದಾಗ ಮೇಲೆ ಉಳಿದ ನುಚ್ಚನ್ನು ದೊಡ್ಡಮ್ಮ ಬೇರೆ ಎತ್ತಿಟ್ಟರು. ಕೆಳಗೆ ಬಿದ್ದ ಹಿಟ್ಟು ಬೆರಳಿನ ನಡುವೆ ತಿಕ್ಕಿದರೆ ರೇಷ್ಮೆಯಂತಿಲ್ಲ. ಸಣ್ಣಗೆ ರವೆ ರವೆಯಾಗಿದೆ.

ಉಂಡೆ ಏಕೆ ಎಂಬುದು ತಿಳಿದದ್ದು ಬೀಸುತ್ತಿದ್ದಾಗ. ಭತ್ತದ ಹೊಟ್ಟು ಬಿಡಿಸಿ ಅಕ್ಕಿ ಮಾಡಬಹುದು. ರಾಗಿಯ ಸಿಪ್ಪೆ ಒಳಗಿನ ಮೆತ್ತನೆಯ ತಿರುಳಿಗೆ ಎಷ್ಟು ಗಟ್ಟಿಯಾಗಿ ಅಂಟಿದೆಯೆಂದರೆ, ಸಿಪ್ಪೆ ತೆಗೆಯಲು ಹೋದರೆ ತಿರುಳೇ ಪುಡಿಯಾಗುತ್ತದೆ. ಆದ್ದರಿಂದ ಸಿಪ್ಪೆ ಸಮೇತ ಹಿಟ್ಟೇ ಗತಿ. ಆ ಹಿಟ್ಟಿನಲ್ಲಿ ಗೋಧಿಯ ಜಿಗಿ, ಅಂದರೆ ಗ್ಲುಟೆನ್, ಇಲ್ಲ. ತಣ್ಣೀರಿನಲ್ಲಿ ಕಲಸಿದರೆ ಎಳೆ ಬರುವುದಿಲ್ಲ, ಹರಿದುಹೋಗುತ್ತದೆ. ಅದನ್ನು ಒಂದುಗೂಡಿಸುವುದು ಕುದಿನೀರು ಮಾತ್ರ. ಬಿಸಿಗೆ ಪಿಷ್ಟ ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ಹೊಲದಿಂದ ದಣಿದು ಬಂದ ಮನೆತುಂಬ ಜನಕ್ಕೆ ಒಂದೇ ಮಡಕೆ, ಒಂದೇ ಕೋಲು, ಅರ್ಧ ಗಂಟೆಯಲ್ಲಿ ಊಟ. ಬೇಳೆ, ಎಣ್ಣೆ, ಕಾವಲಿ ಯಾವುದೂ ಬೇಡ. ರೊಟ್ಟಿಯನ್ನೂ ನಾವು ತಟ್ಟುತ್ತೇವೆ, ಆದರೆ ಹನ್ನೆರಡು ಜನರಿಗೆ ಎರಡೆರಡರಂತೆ ಯಾರು ತಟ್ಟುತ್ತಾ ಕೂರುತ್ತಾರೆ? ಹಳೆಯ ಮೈಸೂರು ಸೀಮೆಯಲ್ಲಿ ಮುದ್ದೆಗೆ ಹಿಟ್ಟು ಎಂದೇ ಹೆಸರು. "ಹಿಟ್ಟಾಯಿತಾ?" ಎಂದರೆ ಊಟವಾಯಿತೇ ಎಂದು ಅರ್ಥ. 1800ರಲ್ಲಿ ಈ ಸೀಮೆಯಲ್ಲಿ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್, ಒಣಬೇಸಾಯದ ಬೆಳೆಗಳಲ್ಲಿ ರಾಗಿಯೇ ಮುಖ್ಯ, ಕೆಳವರ್ಗದ ಜನರೆಲ್ಲರ ಆಹಾರ ಅದೇ ಎಂದು ಬರೆದಿದ್ದಾನೆ. ಮುದ್ದೆ ತಿನ್ನುವವರೆಂದು ನಮ್ಮನ್ನು ಹೀಗಳೆದ ಕಾಲವೂ ಇತ್ತು. ನೆಂಟರು ಬಂದರೆ ಅನ್ನ, ನಮಗೆ ಮುದ್ದೆ ಎಂಬ ಪದ್ಧತಿ ನಮ್ಮ ಮನೆಯಲ್ಲೇ ಇತ್ತು.

ಒಂಬತ್ತನೆಯ ದಿನ, ಮೊದಲ ಮುದ್ದೆ

ಕೆಟ್ಟಿತು. ಬರೆದಿಡುತ್ತೇನೆ.

ಎರಡು ಲೋಟ ನೀರು ಕುದಿಸಿ ಒಂದು ಲೋಟ ಹಿಟ್ಟು ಸುರಿದೆ, ಕೂಡಲೇ ಕೋಲಿನಿಂದ ತಿರುವಿದೆ. ಮಡಕೆ ತುಂಬ ಗಂಟು. ಒಡೆದರೆ ಒಳಗೆ ಒಣ ಹಿಟ್ಟು. ಹಿಟ್ಟಿನ ಗುಪ್ಪೆಯ ಹೊರಮೈ ಬಿಸಿನೀರಿಗೆ ಬೆಂದು ಅಂಟಾಗಿ ಮುಚ್ಚಿಕೊಂಡಿತು, ಒಳಕ್ಕೆ ನೀರು ಹೋಗಲೇ ಇಲ್ಲ. ಜೊತೆಗೆ ನೀರೂ ಸಾಲಲಿಲ್ಲ.

ದೊಡ್ಡಮ್ಮ ಬೈಯಲಿಲ್ಲ. "ಹಿಟ್ಟಿಗೆ ಬೇಯಲು ಹೊತ್ತು ಕೊಡಬೇಕು, ಆಮೇಲೆ ಕೋಲು" ಎಂದರು. ಆ ಗಂಟುಗಳನ್ನು ಮಜ್ಜಿಗೆಗೆ ಕಿವುಚಿ ಉಪ್ಪು, ಈರುಳ್ಳಿ ಹಾಕಿ ಕುಡಿದೆವು.

ಹನ್ನೊಂದನೆಯ ದಿನ

ಎರಡೂಕಾಲು ಲೋಟ ನೀರು, ಒಂದು ಲೋಟ ಹಿಟ್ಟು, ಎತ್ತಿಟ್ಟಿದ್ದ ನುಚ್ಚು ಒಂದು ಹಿಡಿ. ಎಸರಿಗೆ ಮೊದಲು ನುಚ್ಚು, ಅದು ಬೆಂದ ಮೇಲೆ ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ ಬಿಟ್ಟದ್ದು. ಎಸರು ಮಂದವಾಗಿ ಉಕ್ಕುವಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕಲಕದೆ, ಕೋಲಿನಿಂದ ಗುಡ್ಡೆಯ ನಡುವೆ ತೂತು ಮಾಡಿದೆವು. ಆ ತೂತಿನಿಂದ ಎಸರು ಮೇಲಕ್ಕೆ ಉಕ್ಕಿ ಹಿಟ್ಟಿನ ಮೇಲೆ ಹರಿಯುತ್ತದೆ. ಹಿಟ್ಟು ಕೆಳಗಿನಿಂದಲೂ ಮೇಲಿನಿಂದಲೂ ಒಟ್ಟಿಗೆ ಬೇಯುತ್ತದೆ. ಸಣ್ಣ ಉರಿಯಲ್ಲಿ ಎಂಟು ನಿಮಿಷ. ಆಮೇಲೆ ಮಡಕೆಯನ್ನು ಕೆಳಗಿಳಿಸಿ, ಕವೆಗೋಲಿನಿಂದ ಅದುಮಿ ಹಿಡಿದು, ಕೋಲನ್ನು ಗೋಡೆಗೆ ಒತ್ತಿ ಒತ್ತಿ ತೊಳಸಿದ್ದು. ಈ ಕೆಲಸಕ್ಕೆ ತೋಳು ಬೇಕು. ಮತ್ತೆ ಒಲೆಗೇರಿಸಿ, ಮುಚ್ಚಿ, ನಾಲ್ಕು ನಿಮಿಷ ಹಬೆ.

ನೀರು ಸವರಿದ ಮರದ ಹಲಗೆಗೆ ಕವುಚಿ, ಕೈ ಒದ್ದೆ ಮಾಡಿಕೊಂಡು ನಾದಿ ಉರುಳಿಸಿದಾಗ ನಾಲ್ಕು ಮುದ್ದೆಯಾದವು. ಒದ್ದೆ ಬೆರಳಿನಿಂದ ಒತ್ತಿ ನೋಡಿದೆ, ಅಂಟಲಿಲ್ಲ. ಮೈ ಹೊಳೆಯುತ್ತಿತ್ತು. ಬಣ್ಣ ಗಿರಣಿ ಹಿಟ್ಟಿನ ಮುದ್ದೆಗಿಂತ ತುಸು ಕೆಂಪು.

ಅವರೆಕಾಯಿಯ ಕಾಲ. ಸೊಗಡಿನ ಅವರೆಕಾಳಿನ ಸಾರು, ಮುದ್ದೆಯ ನೆತ್ತಿಯಲ್ಲಿ ಗುಳಿ ಮಾಡಿ ತುಪ್ಪ. ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಿದೆ. ಗಿರಣಿಯ ಹಿಟ್ಟಿನ ಮುದ್ದೆ ಗಂಟಲಲ್ಲಿ ಜಾರಿ ಹೋಗುತ್ತದೆ. ಇದು ಜಾರುವಾಗ ನಾಲಗೆಗೆ ಒಂದು ತರಿ ತಾಗಿಸಿ, ಸುಟ್ಟ ಕಾಳಿನಂಥ ಒಂದು ಘಮ ಬಿಟ್ಟು ಹೋಯಿತು. ಅಜ್ಜಿ ಇದ್ದಾಗಿನ ಮುದ್ದೆಯ ರುಚಿ ಇದೇ ಎಂದು ನಾನು ಹೇಳಲಾರೆ, ಆಗ ನಾನು ಬಹಳ ಚಿಕ್ಕವನು. ದೊಡ್ಡಮ್ಮ ಒಂದು ತುತ್ತು ನುಂಗಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಇನ್ನೊಂದು ಅರ್ಧ ಮುದ್ದೆ ಹಾಕಿಸಿಕೊಂಡರು. ರಾತ್ರಿ ಅವರು ಯಾವತ್ತೂ ಅಷ್ಟು ಉಣ್ಣುವುದಿಲ್ಲ.

ಇವತ್ತು ರಾಗಿಗೆ ಬಂದಿರುವ ಮರ್ಯಾದೆ ಬಹುಪಾಲು ಪ್ರಯೋಗಾಲಯದಿಂದ ಬಂದದ್ದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದಲ್ಲಿ 100 ಗ್ರಾಂ ರಾಗಿಗೆ 364 ಮಿಲಿಗ್ರಾಂ ಸುಣ್ಣದ ಅಂಶವಿದೆ; ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಹತ್ತನ್ನೂ ಮುಟ್ಟುವುದಿಲ್ಲ. ಆ ಸುಣ್ಣದ ಒಂದು ದೊಡ್ಡ ಪಾಲು ಇರುವುದು ನಮ್ಮ ಹಿರಿಯರು ಬಿಡಿಸಲಾಗದೆ ಉಳಿಸಿಕೊಂಡ ಸಿಪ್ಪೆಯಲ್ಲಿ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಬೆಂಗಳೂರಿನ ಹೋಟೆಲುಗಳ ಫಲಕದಲ್ಲಿ ಮುದ್ದೆ ಊಟ ದೊಡ್ಡ ಅಕ್ಷರದಲ್ಲಿದೆ. 2024–25ರಲ್ಲಿ ಕ್ವಿಂಟಲಿಗೆ 4,290 ರೂಪಾಯಿ ಇದ್ದ ಬೆಂಬಲ ಬೆಲೆ 2025–26ಕ್ಕೆ 4,886 ಆಗಿದೆ. ಬೆಳೆಯುವವರ ಕೈಗೆ ಇದು ಪೂರ್ತಿ ತಲುಪಿದರೆ ನನಗೆ ಇನ್ನೂ ಸಂತೋಷ. ದೇಶದ ಅರ್ಧಕ್ಕಿಂತ ಹೆಚ್ಚು ರಾಗಿ ಬೆಳೆಯುವುದು ಕರ್ನಾಟಕದ ಮಳೆಯಾಶ್ರಿತ ಹೊಲಗಳಲ್ಲಿ.

ಬಾಕಿ ಕೆಲಸ: ಅಂಚಿನ ಎರಡು ಚಕ್ಕೆಗಳಲ್ಲಿ ಹಿಟ್ಟು ಸಿಕ್ಕಿಕೊಳ್ಳುತ್ತದೆ, ಅವನ್ನು ಉಜ್ಜಿ ಸಪಾಟು ಮಾಡಬೇಕು. ಹಿಡಿಗೂಟದ ತಲೆ ಅಂಗೈಗೆ ಒತ್ತುತ್ತದೆ, ಇನ್ನೂ ಅರ್ಧ ಬೆರಳು ತೆಳುವಾಗಬೇಕು. ಕಲ್ಲನ್ನು ಈಗ ಅಡುಗೆಮನೆಯ ಮೂಲೆಗೆ ಸೇರಿಸಿ ಅಡಿಗೆ ಗೋಣಿಚೀಲ ಹಾಸಿದ್ದೇವೆ. ಬಚ್ಚಲ ಮುಂದೆ ಚಪ್ಪಡಿ ಹಾಕಿಯಾಯಿತು. ಕಲ್ಲುಕುಟಿಗ ತಾತನಿಗೆ ಕೊಟ್ಟ ಹಣವನ್ನು ಅವರು ಅರ್ಧ ವಾಪಸು ಮಾಡಿ, ಉಳಿದದ್ದಕ್ಕೆ ರಾಗಿ ಕೇಳಿದ್ದಾರೆ. ಭಾನುವಾರ ಆರು ಸೇರು ಅಳೆದು ಕೊಟ್ಟು ಬರಬೇಕು.